ಒಂಬತ್ತೆಂದು ಬರೆದ ಆರು ದಿನ

ತ್ಸುಕುಬಾ
ಅಕ್ಟೋಬರ್ ೧೮, ಶುಕ್ರವಾರ

ಪ್ರೀತಿಯ ಮಗಳು ಸಾಯೊಗೆ,

ಹೇಗಿದ್ದೀಯ ತಾಯಿ? ಒಸಾಕಾದ ಊಟ ಮೈಗೆ ಹಿಡಿಯಿತೇ? ಪಂಜರ ತೊಳೆದು ತೊಳೆದು ಕೈ ಬಿರುಕು ಬಿಟ್ಟಿದೆ ಎಂದಿದ್ದೆಯಲ್ಲ, ಅಮ್ಮ ಮುಲಾಮು ಕಳಿಸಿದ್ದಾಳೆ, ಹಚ್ಚಿಕೋ. ನೀನೂ ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದನ್ನು ಅವಳು ಇನ್ನೂ ಒಪ್ಪಿಲ್ಲ. 'ಮನೆಗೆ ಒಬ್ರು ಸಾಲ್ದಿತ್ತಾ?' ಎಂದು ನನ್ನನ್ನೇ ಬೈಯುತ್ತಾಳೆ.

ಇಲ್ಲಿ ಮೊಮೊ ಹೋದಳು. ನಲವತ್ತೇಳನೇ ನಂಬರಿನ ಕೋತಿ, ಹೆಸರಿಟ್ಟವನು ನಾನು. 'ಹೆತ್ತೋರಿಗೆ ಹೆಗ್ಗಣ ಮುದ್ದು, ನಿಮಗೆ ಕೋತಿ' ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಹೊಸ ಔಷಧಿ ಶುರುವಾದ ಮೇಲೆ ಅವಳು ತಿನ್ನುವುದನ್ನೇ ಬಿಟ್ಟಳು. ಸಿಹಿಗೆಣಸು ಕೊಟ್ಟರೂ ಮೂಸಿ ಇಟ್ಟುಬಿಡುತ್ತಿದ್ದಳು. ನಮ್ಮ ಕೆಲಸ ನಿನಗೆ ಗೊತ್ತಲ್ಲ, ದಿನಾ ಬೆಳಿಗ್ಗೆ ನೋವಿನ ಅಂಕ ಬರೆಯಬೇಕು: ತಿನ್ನದಿದ್ದರೆ ಇಷ್ಟು, ಮುದುರಿ ಕೂತರೆ ಇಷ್ಟು. ಹತ್ತು ಮುಟ್ಟಿದರೆ ಪ್ರಯೋಗ ನಿಲ್ಲಿಸಿ, ಅದೇ ದಿನ ಕೊನೆಯ ಚುಚ್ಚುಮದ್ದು. ನೀತಿ ಸಮಿತಿಯ ನಿಯಮ ಅದು. ಹತ್ತು ಬರೆಯಲು ನನಗೆ ಕೈ ಬರಲಿಲ್ಲ. ನಾಳೆ ಚೇತರಿಸಿಕೊಂಡಾಳು ಎಂದು ಒಂಬತ್ತು ಬರೆದೆ. ಆರು ದಿನವೂ ಒಂಬತ್ತೇ.

ಏಳನೆಯ ದಿನ ನನಗೆ ರಜೆ. ಬದಲಿಗೆ ಬಂದವಳು ಹದಿನಾಲ್ಕು ಬರೆದಳು. ಗಂಟೆಯೊಳಗೆ ಎಲ್ಲ ಮುಗಿಯಿತು. ಮರುದಿನ ಪಶುವೈದ್ಯೆ ನೊಝಾಕಿ ನನ್ನನ್ನು ಕರೆದು, ಹೊಟ್ಟೆ ತೆರೆದಾಗ ತೆಗೆದ ಫೋಟೋ ಮುಂದಿಟ್ಟರು. ಕರುಳೆಲ್ಲ ಕಪ್ಪಾಗಿತ್ತು. 'ಇದು ಒಂದು ದಿನದ್ದಲ್ಲ ಕಣ್ರೀ. ಮೊದಲ ದಿನವೇ ನನ್ನ ಕರೆದಿದ್ರೆ ಅವತ್ತೇ ಚುಚ್ಚಿ ಮಲಗಿಸ್ತಿದ್ದೆ. ಮುದ್ದು ಮುದ್ದು ಅಂತ ಆರು ದಿನ ಬೇಯಿಸಿಬಿಟ್ರಲ್ಲ!' ಎಂದರು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಬರೆದದ್ದು ಸುಳ್ಳೆಂದು ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಕೆಲಸ ಉಳಿಯಲಾರದು.

ನಿನ್ನೆ, ವರ್ಷವಿಡೀ ಸತ್ತ ಪ್ರಾಣಿಗಳಿಗಾಗಿ ಪ್ರಾರ್ಥನೆಯಿತ್ತು. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವುಗಳ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ ಊದಿನಕಡ್ಡಿ ಹಚ್ಚಿ, 'ನಿಮ್ಮಿಂದ ಉಪಕಾರವಾಯಿತು' ಎಂದು ತಲೆ ಬಾಗಿದರು. ಇಪ್ಪತ್ತಾರು ವರ್ಷ ನಾನೂ ಹಾಗೆ ಅಂದವನೇ. ಈ ಸಲ ಹಾಗೆನ್ನದೆ, ಬೇಯಿಸಿದ ಸಿಹಿಗೆಣಸೊಂದನ್ನು ಇಟ್ಟು ಬಂದೆ.

ಅಮ್ಮ ನಿನ್ನನ್ನು ನೆನೆಯದ ದಿನವಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣಗಿರು.

ನಿನ್ನ ಅಪ್ಪ,
ಹಿಸಾಶಿ

ಅಂಟಿಸಿದ್ದ ಲಕೋಟೆ ಒಡೆದು ಬರೆಯುತ್ತಿದ್ದೇನೆ: ನಿನ್ನ ಫೋನು ಸಿಗುತ್ತಿಲ್ಲ, ಇದನ್ನು ತುರ್ತು ಅಂಚೆಗೆ ಹಾಕುತ್ತೇನೆ. ನೀನು ರೈಲು ಹತ್ತುವಾಗ ನಾನೇ ಹೇಳಿದ್ದೆನಲ್ಲ, 'ಒಂದಂಕ ಕಮ್ಮಿ ಹಾಕು ಮಗಳೇ, ಪಾಪ, ಇನ್ನೊಂದು ದಿನ ಬದುಕ್ಲಿ' ಅಂತ. ಆ ಮಾತನ್ನು ಮರೆತುಬಿಡು. ನಿನ್ನ ಬಿಳಿ ಮೊಲಕ್ಕೆ ನಾಲ್ಕು ದಿನದಿಂದ ಒಂಬತ್ತೇ ಇದೆ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೀಯ. ಇದನ್ನು ಓದಿದ ತಕ್ಷಣ ಹೋಗಿ ಅದನ್ನು ನೋಡು. ಕಂಡದ್ದನ್ನು ಬರೆ.