ಅಪ್ಪ ಹೊಡೆದ ಹಲಗೆಗಳು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೀಗೆ ಕರೆಯಬಹುದೋ ಇಲ್ಲವೋ ಎಂದು ಯೋಚಿಸುತ್ತಾ ಕೂತರೆ ಕಾಗದ ಖಾಲಿಯೇ ಉಳಿದೀತು. ಬೇಸರವಾದರೆ ಆ ಸಾಲನ್ನು ಹೊಡೆದುಹಾಕಿ ಮುಂದೆ ಓದು.

ನಿನ್ನ ಕೋಣೆಯ ಹೊರಗೋಡೆಯ ವಿಷಯ. ನೀನು ಹಾಸ್ಟೆಲಿಗೆ ಹೋದ ಮೇಲೆ ಮಂಚ ಸರಿಸಿ ಗುಡಿಸುವಾಗ ನಿನ್ನ ಅಮ್ಮನಿಗೆ ಮುಗ್ಗಲು ವಾಸನೆ ಬಂತು. ಹೊರಗೆ ಹೋಗಿ ನೋಡಿದೆ. ಕಿಟಕಿಯ ಕೆಳಗೆ ಮರದ ಹಲಗೆಗಳ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ಬ್ರೆಡ್ಡಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಆ ಹಲಗೆಗಳನ್ನು ನಿನ್ನ ಅಪ್ಪ ತೀರಿಕೊಳ್ಳುವ ಮುಂಚೆ ತಮ್ಮ ಕೈಯಾರೆ ಹೊಡೆದದ್ದೆಂದು ನನಗೆ ಗೊತ್ತು. ನಿನ್ನ ಅಮ್ಮನನ್ನು ಮದುವೆಯಾಗಿ ನಾನು ಈ ಮನೆಗೆ ಬಂದ ಹೊಸದರಲ್ಲಿ, ಬಳಿಯೋಣವೆಂದು ಬಣ್ಣದ ಡಬ್ಬಿ ತಂದಾಗ, "ಅಪ್ಪ ಮಾಡಿದ್ದನ್ನ ನೀವು ಮುಟ್ಟಬೇಡಿ" ಎಂದು ನೀನು ಅಂದಿದ್ದೆ. ಮುಟ್ಟಲಿಲ್ಲ. ಈ ಸಲ ಬೇರೆ ದಾರಿಯಿರಲಿಲ್ಲ. ಬಿಟ್ಟಿದ್ದರೆ ಒಳಗಿನ ಕಂಬವೂ ಕೊಳೆಯುತ್ತಿತ್ತು. ಇದು ನಿನಗೆ ಬೇರೆಯವರಿಂದ ತಿಳಿಯಬಾರದೆಂದೇ ಬರೆಯುತ್ತಿದ್ದೇನೆ.

ಬಸ್ಸು ಓಡಿಸುವವನಿಗೆ ಬಡಗಿ ಕೆಲಸ ಎಲ್ಲಿಂದ ಬರಬೇಕು? ಮೊದಲ ಮೊಳೆ ಕೀಳುವಷ್ಟರಲ್ಲೇ ಬೆವರಿಳಿಯಿತು. ನಿನ್ನ ಅಪ್ಪ ಹೊಡೆದ ಮೊಳೆ, ಅಷ್ಟು ಸುಲಭಕ್ಕೆ ಜಗ್ಗುವಂಥದ್ದಲ್ಲ. ಕಿಟಕಿಯ ಮೇಲಿನ ತಗಡು ತುಕ್ಕು ಹಿಡಿದು ತೂತಾಗಿ, ಮಳೆನೀರು ಹಲಗೆಯ ಹಿಂದಕ್ಕೆ ಇಳಿಯುತ್ತಿತ್ತು. ತಗಡು ಬದಲಾಯಿಸಿ, ಗೋಡೆಯನ್ನು ತೆರೆದಿಟ್ಟು ಒಣಗಲು ಬಿಟ್ಟೆ. ಮೋಡ ಕಂಡಾಗಲೆಲ್ಲ ನಿನ್ನ ಅಮ್ಮ ಟಾರ್ಪಾಲು ಹಿಡಿದು ಓಡಿ ಬರುತ್ತಿದ್ದಳು.

ಹಲಗೆಗಳು ಪೂರ್ತಿ ಹಾಳಾಗಿರಲಿಲ್ಲ, ತುದಿಗಳು ಮಾತ್ರ. ಕೊಳೆತಷ್ಟನ್ನೇ ಕೊಯ್ದು, ಅಳತೆಗೆ ಸರಿಯಾಗಿ ಹೊಸ ತುಂಡು ಜೋಡಿಸುತ್ತಾ ಕೂತೆ. ನಿನ್ನ ಅಮ್ಮನಿಗೆ ರೇಗಿತು. "ಎಲ್ಲಾ ಕಿತ್ತು ಹೊಸದು ಹಾಕಿದ್ರೆ ಇಷ್ಟೊತ್ತಿಗೆ ಮುಗ್ದಿರೋದು. ಇದೇನು, ಹರಿದ ಅಂಗಿಗೆ ತೇಪೆ ಹಾಕಿದ ಹಾಗೆ!"

"ಅವಳು ಬಂದು, ಅಪ್ಪನ ಹಲಗೆ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ?" ಅಂದೆ.

ನಿನ್ನ ಅಮ್ಮ ಬಂದು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡಳು. ನಾನು ನೋಡಿಯೂ ನೋಡದವನಂತೆ ಸುತ್ತಿಗೆ ಬೀಸಿದೆ. ಏಟು ಹೆಬ್ಬೆರಳಿಗೆ ಬಿತ್ತು. ಅಳುತ್ತಿದ್ದವಳು ನಕ್ಕುಬಿಟ್ಟಳು.

ಈಗ ಗೋಡೆ ಗಟ್ಟಿಯಾಗಿದೆ. ಹೊಸ ಬಣ್ಣ ಹಳೆಯದಕ್ಕೆ ಹೊಂದಿಕೆಯಾಗಿಲ್ಲ. ಅಪ್ಪನದು ಯಾವುದು, ನಾನು ಸೇರಿಸಿದ್ದು ಯಾವುದು ಎಂದು ರಸ್ತೆಯಿಂದಲೇ ಕಾಣುತ್ತದೆ. ಹಾಗೇ ಇರಲಿ ಅನ್ನಿಸಿತು. ಕೋಣೆ ಬೆಚ್ಚಗಿದೆ. ಈ ರಜೆಗಾದರೂ ಬಾ.

ಇಷ್ಟು ಬರೆದವನು,
ನಿನ್ನ ಅಮ್ಮನ ಗಂಡ

ತಾ.ಕ.: ನೀನು ಬಾರದಿರುವುದು ನನ್ನಿಂದಾಗಿ ಎಂದಾದರೆ ಚಿಂತೆ ಬೇಡ. ನಿನ್ನ ರಜೆ ಮುಗಿಯುವವರೆಗೆ ನಾನು ನನ್ನ ತಂಗಿಯ ಮನೆಯಲ್ಲಿರುತ್ತೇನೆ. ಅವಳು ಬಹಳ ದಿನದಿಂದ ಕರೆಯುತ್ತಿದ್ದಾಳೆ. ನೀವಿಬ್ಬರೇ ಆರಾಮವಾಗಿರಿ.

ಇದು ಅಮ್ಮ. ಲಕೋಟೆ ಅಂಟಿಸೆಂದು ನನ್ನ ಕೈಗೆ ಕೊಟ್ಟರು, ಓದಿಬಿಟ್ಟೆ. ಕಂದಾ, ಇವರಿಗೆ ತಂಗಿಯೇ ಇಲ್ಲ.