ಗಂಡು ಮೀನಿನ ತೊಟ್ಟಿ

೨೦ ಜುಲೈ ೧೯೮೧

ಈ ಸಲವೂ ಮೊಟ್ಟೆಗಳೆಲ್ಲ ಬೆಳ್ಳಗಾದವು. ಪೆರಂಬೂರಿನಿಂದ ಬಸ್ ಬದಲಾಯಿಸಿ ಶೋಳಿಂಗನಲ್ಲೂರ್ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಟ್ರೇ ಮುಚ್ಚಳ ತೆಗೆದೆ — ನೆನೆಸಿಟ್ಟ ಸಬ್ಬಕ್ಕಿಯ ಹಾಗೆ ಬಿಳಿ. ಒಂದರಲ್ಲೂ ಜೀವವಿಲ್ಲ.

ಫಾರಂ ಐತಪ್ಪನವರದು. ಮಂಗಳೂರು ಕಡೆಯವರು, ಮದ್ರಾಸಿನಲ್ಲಿ ಹೋಟೆಲ್ ನಡೆಸಿ ದಣಿದು ಈಗ ಮುರುಗೋಡು ಎಂಬ ಮೀಸೆಮೀನಿನ ಮರಿ ಮಾಡಿಸುವುದರ ಹಿಂದೆ ಬಿದ್ದಿದ್ದಾರೆ. ನನ್ನ ಪಿಎಚ್‌ಡಿ ನಿಂತಿರುವುದು ಇವರ ತೊಟ್ಟಿಗಳ ಮೇಲೆ.

"ಈ ಹೆಣ್ಣುಗಳೇ ಸರಿ ಇಲ್ಲ ಮೇಡಂ. ಎಲ್ಲ ತೆಗೆದು ಬೇರೆ ತರುವ" ಅಂದರು.

ಮೊದಲೂ ಹಾಗೇ ಅಂದು ಹೆಣ್ಣು ಬದಲಾಯಿಸಿದ್ದಾಯಿತು. ಮೊಟ್ಟೆ ನಾನೇ ನೋಡಿದ್ದೇನೆ, ಚೆನ್ನಾಗಿವೆ. ಹಾಗಾದರೆ...?

೨೩ ಜುಲೈ

ಹೆಣ್ಣಿಗೆ ಇಂಜೆಕ್ಷನ್ ಕೊಟ್ಟು ಹೊಟ್ಟೆ ಮೆಲ್ಲಗೆ ಒತ್ತಿದರೆ ಮೊಟ್ಟೆ ಬರುತ್ತದೆ. ಗಂಡಿನದು ಹಾಗಲ್ಲ. ಸೀಳಿಯೇ ವೀರ್ಯ ತೆಗೆಯಬೇಕು. ಮನೆಗೆ ಬಂದಮೇಲೆ ಅಮ್ಮ ಸ್ನಾನವಾಗದೆ ಒಳಗೆ ಬಿಡುವುದಿಲ್ಲ. ಅವಳು ಹೇಳದಿದ್ದರೂ ನಾನು ಸ್ನಾನ ಮಾಡುತ್ತಿದ್ದೆ.

ಇವತ್ತು ಸೀಳಿದ ಗಂಡಿನ ವೃಷಣ ದಾರದಷ್ಟು ತೆಳ್ಳಗಿತ್ತು. ಸ್ಲೈಡ್ ಮೇಲೆ ನೀರು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಓಡಬೇಕಾದವು ಸುಮ್ಮನೆ ಬಿದ್ದಿದ್ದವು. ಇನ್ನೊಂದರದೂ ಹಾಗೇ.

ಆಮೇಲೆ ಹೋಗಿ ಗಂಡುಗಳ ತೊಟ್ಟಿ ನೋಡಿದೆ. ಇಷ್ಟು ದಿನ ಯಾಕೆ ನೋಡಲಿಲ್ಲವೋ! ನೆರಳಿಲ್ಲದ ಸಿಮೆಂಟ್ ತೊಟ್ಟಿ, ಮೊಣಕಾಲುದ್ದ ನೀರು, ಕೈಯಿಟ್ಟರೆ ಬಿಸಿ. ಒಂದರ ಮೇಲೊಂದು ಮೀನು. ತಿನ್ನಲು ಬರೀ ತೌಡು.

"ಮೊಟ್ಟೆ ಇಡುವುದು ಹೆಣ್ಣಲ್ವಾ? ಒಣಮೀನಿನ ಪುಡಿ, ಹಿಂಡಿ ಎಲ್ಲ ಅದಕ್ಕೆ ಹಾಕ್ತೇನೆ. ಗಂಡಿಗೆ ಎಂತಕ್ಕೆ?" ಐತಪ್ಪನವರ ಪ್ರಶ್ನೆ. ಕೆಟ್ಟವರಲ್ಲ. ಯೋಚಿಸಿಯೇ ಇರಲಿಲ್ಲ.

೨೭ ಜುಲೈ

ಒಪ್ಪಿದರು. ಗಂಡುಗಳು ಈಗ ಹೊಂಗೆಮರದ ಕೆಳಗಿನ ಮಣ್ಣಿನ ಕೊಳದಲ್ಲಿ, ಬಿಡಿಬಿಡಿಯಾಗಿ. ಹೆಣ್ಣಿಗೆ ಹಾಕುವ ಊಟವೇ ಅವಕ್ಕೂ. ಮಳೆ ಹಿಡಿಯುವ ತನಕ ಕಾಯಬೇಕು.

"ಈ ಮಳೆಗೂ ಆಗದಿದ್ರೆ ನಾನು ಸಿಗಡಿಗೆ ಹೋಗುವವ, ಈಗಲೇ ಹೇಳಿದ್ದೇನೆ" ಅಂದರು. ನಾನು ಎಲ್ಲಿಗೆ ಹೋಗುವವಳೋ ಗೊತ್ತಿಲ್ಲ.

೯ ಆಗಸ್ಟ್, ಭಾನುವಾರ

ಹೆಣ್ಣು ನೋಡಲು ಬಂದಿದ್ದರು. ಸೌಕಾರ್‌ಪೇಟೆಯವರು. ಹುಡುಗ ತಿರುಮಲ, ಇನ್ಶೂರೆನ್ಸ್ ಆಫೀಸು. ಅವನ ತಾಯಿ ವೆಂಕಟಲಕ್ಷ್ಮಿ, ಮತ್ತು ದೊಡ್ಡ ಸೊಸೆ ನಾಗಮಣಿ.

ಅಪ್ಪ ಬೆಳಿಗ್ಗೆಯೇ ಹೇಳಿದ್ದರು — "ಅನಸೂಯ, ಜೂಆಲಜಿ ಅಂತ ಹೇಳು. ಅಷ್ಟೇ ಸಾಕು, ಪೋದುಂ. ಮಿಕ್ಕಿದ್ದು ಬೇಡ."

"ಏನು ಓದ್ತಾ ಇದೀಯಮ್ಮ?" ವೆಂಕಟಲಕ್ಷ್ಮಿ ಮಾಮಿ ಕೇಳಿದರು.

"ಮೀನಿನ ಮೇಲೆ ರಿಸರ್ಚ್."

"ಮೀನಲ್ಲಿ ಏನು?"

"ಮರಿ ಯಾಕೆ ಆಗ್ತಿಲ್ಲ ಅಂತ. ಎಲ್ಲರೂ ಹೆಣ್ಣಿನ ತಪ್ಪು ಅಂದುಕೊಂಡಿದ್ರು. ನೋಡಿದ್ರೆ ಗಂಡಿಂದು."

ಅಪ್ಪ ಕೆಮ್ಮಿದರು. ಅಮ್ಮ ಒಳಗೆ ಹೋದಳು. ತಿರುಮಲ ಕಾಫಿ ಲೋಟದೊಳಗೆ ನೋಡುತ್ತ ನಗು ತಡೆದುಕೊಂಡರೋ, ಇಲ್ಲ ಗಾಬರಿಯೋ... ಬಂದಾಗಿನಿಂದ ತಲೆಯೆತ್ತದೆ ಕುಳಿತಿದ್ದ ನಾಗಮಣಿ ಮಾತ್ರ ನೆಟ್ಟಗೆ ನನ್ನನ್ನೇ ನೋಡಿದರು.

೨೫ ಆಗಸ್ಟ್

ಉತ್ತರ ಬಂದಿಲ್ಲ. ಅಪ್ಪ ಮಾತು ಕಡಿಮೆ ಮಾಡಿದ್ದಾರೆ. ಹೇಳಿದ್ದಕ್ಕೆ ಬೇಸರವಿಲ್ಲ ನನಗೆ. ತಿರುಮಲ ಸುಮಾರಾಗಿ ಚೆನ್ನಾಗಿದ್ದರು, ಅದಕ್ಕೆ ಸ್ವಲ್ಪ ಇದೆ.

೩ ಸೆಪ್ಟೆಂಬರ್

ಮಧ್ಯಾಹ್ನ ವೆಂಕಟಲಕ್ಷ್ಮಿ ಮಾಮಿ ಒಬ್ಬರೇ ಬಂದರು. ಅಮ್ಮ ಗಡಿಬಿಡಿಯಿಂದ ಕಾಫಿಗೆ ಒಳಹೋದಳು. ಮಾಮಿ ದನಿ ತಗ್ಗಿಸಿದರು.

"ಅವತ್ತು ಹೇಳಿದೆಯಲ್ಲ... ಮೀನಿಗೆ ಮಾತ್ರವಾ ಹಾಗೆ?"

ಅರ್ಥವಾಯಿತು. ದೊಡ್ಡ ಮಗ ಮುರಳೀಧರನಿಗೆ ಮದುವೆಯಾಗಿ ಆರು ವರ್ಷ. ನಾಗಮಣಿಯನ್ನು ಕರೆದುಕೊಂಡು ಹೋಗದ ಡಾಕ್ಟರಿಲ್ಲ, ಸುತ್ತದ ಅಶ್ವತ್ಥಕಟ್ಟೆಯಿಲ್ಲ. ಮಗನನ್ನು ಯಾರೂ ಏನೂ ಕೇಳಿಲ್ಲ.

"ನಾನು ಡಾಕ್ಟರಲ್ಲ ಮಾಮಿ. ಮೀನು ಬೇರೆ, ಮನುಷ್ಯರು ಬೇರೆ. ಆದ್ರೆ ಇಬ್ಬರನ್ನೂ ಪರೀಕ್ಷೆ ಮಾಡಬೇಕು. ಅಷ್ಟು ಹೇಳಬಲ್ಲೆ."

"ಅವನಿಗೆ ಹೇಗೆ ಹೇಳಲಿ ನಾನು? ತಾಯಿ ಹೇಳೋ ಮಾತಾ ಇದು?"

"ಆರು ವರ್ಷ ಸೊಸೆಗೆ ಹೇಳಿದ್ದೀರಲ್ಲ."

ಬಾಯಿ ಜಾರಿತು. ಮಾಮಿ ಕಾಫಿ ಮುಟ್ಟದೆ ಎದ್ದು ಹೋದರು. ಅಮ್ಮ ಆ ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು.

೨೬ ಸೆಪ್ಟೆಂಬರ್

ಒಳ್ಳೆ ಮಳೆ. ಕೊಳದಿಂದ ಒಂದು ಗಂಡು ಹಿಡಿದೆವು. ಕೈಯಲ್ಲಿ ನಿಲ್ಲುತ್ತಿಲ್ಲ, ಅಷ್ಟು ಬಲ. ಸೀಳುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಒಳಗೆ ವೃಷಣ ತುಂಬಿಕೊಂಡು, ದಪ್ಪಗೆ. ಸ್ಲೈಡಿನಲ್ಲಿ ಒಂದೇ ಗಲಾಟೆ — ಕಣ್ಣು ಹಿಂಬಾಲಿಸಲಾರದ ಓಟ. ಐತಪ್ಪನವರೂ ಬಗ್ಗಿ ನೋಡಿದರು. ಬಹಳ ಹೊತ್ತು ಏಳಲಿಲ್ಲ.

೨೮ ಸೆಪ್ಟೆಂಬರ್

ಮೊನ್ನೆ ವೀರ್ಯ ಬೆರೆಸಿಟ್ಟ ಮೊಟ್ಟೆ ಇವತ್ತು ಬೆಂದ ಸಬ್ಬಕ್ಕಿ! ತಿಳಿಯಾಗಿ, ಒಳಗೆ ಬಾಲ ಮಿಡಿಯುತ್ತಿತ್ತು. ಸಂಜೆಗೆ ಒಡೆದು ಹೊರಬಂದವು. ಬೆಳ್ಳಗಾದವೂ ಇವೆ, ಆದರೆ ಟ್ರೇ ತುಂಬ ಮರಿ.

"ಪಾಪದವು ಮಾರಾಯ್ರೆ. ತೌಡು ಹಾಕಿ ಬಿಸಿಲಲ್ಲಿ ಬೇಯಿಸಿದ್ದು ನಾನು. ಬೈದದ್ದು ಹೆಣ್ಣಿಗೆ" ಅಂದರು ಐತಪ್ಪ. ಸಿಗಡಿಯ ಮಾತು ತೆಗೆಯಲಿಲ್ಲ.

೬ ಅಕ್ಟೋಬರ್

ನಾಗಮಣಿ ಬಂದಿದ್ದರು, ಅತ್ತೆಯ ಜೊತೆ. ಮಾಮಿ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕುಳಿತರು. ನಾವಿಬ್ಬರೂ ಮೆಟ್ಟಿಲ ಮೇಲೆ.

ಮುರಳೀಧರ ಮೊದಲು ಕೂಗಾಡಿದರಂತೆ. ಎರಡು ದಿನ ಊಟ ಬಿಟ್ಟು, ಆಮೇಲೆ ತಾವೇ ಡಾಕ್ಟರ ಹತ್ತಿರ ಹೋದರಂತೆ. ವೃಷಣದ ರಕ್ತನಾಳ ಉಬ್ಬಿದೆ, ಸಣ್ಣ ಆಪರೇಷನ್, ನೋಡೋಣ ಅಂದಿದ್ದಾರೆ.

"ಮಗು ಆಗುತ್ತೋ ಇಲ್ವೋ, ಗೊತ್ತಿಲ್ಲ" ಅಂದರು ನಾಗಮಣಿ. "ಆದ್ರೆ ನಿನ್ನೆ ಸೋಮವಾರ. ನನ್ನ ಉಪವಾಸ. ಅತ್ತೆಯೇ ಎಲೆ ಹಾಕಿ, ಕೂತ್ಕೋ, ಊಟ ಮಾಡು, ಸಾಕು ಅಂದ್ರು." ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು.

ಹೊರಡುವಾಗ ಮಾಮಿ ಅಪ್ಪನಿಗೆ ಹೇಳಿದ್ದು ಕೇಳಿಸಿತು — "ನಮ್ಮ ಹುಡುಗ ಅವತ್ತೇ ಒಪ್ಪಿದ್ದ. ತಡ ಮಾಡಿದ್ದು ನಾನು."

೧೧ ಅಕ್ಟೋಬರ್, ಭಾನುವಾರ

ತಿರುಮಲ ಫಾರಮಿಗೆ ಬಂದರು. ಮರಿಗಳನ್ನು ನೋಡಬೇಕಂತೆ. ಬಿಳಿ ಪ್ಯಾಂಟು, ಮೊಣಕಾಲ ತನಕ ಕೆಸರು. ತೊಟ್ಟಿಯ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತು ನೋಡಿದರು. ಮೀಸೆ ಇದೆಯಲ್ಲ ಇಷ್ಟು ಚಿಕ್ಕದಕ್ಕೂ, ಅಂದರು.

ಹೇಳಿಬಿಡುವುದೇ ಒಳ್ಳೆಯದು ಅನ್ನಿಸಿತು. "ಮಳೆಗಾಲದಲ್ಲಿ ಕೆಲವು ಸಲ ಇಲ್ಲೇ ಉಳಿಯಬೇಕಾಗುತ್ತೆ. ಮದುವೆ ಆದ ಮೇಲೂ."

ಅವರು ಪಕ್ಕದಲ್ಲಿಟ್ಟಿದ್ದ ತಮ್ಮ ಕೊಡೆ ನೋಡಿದರು.

"ಹಾಗಾದ್ರೆ ದೊಡ್ಡ ಕೊಡೆ ತಗೋಬೇಕು. ನನ್ನದು ಒಬ್ಬರಿಗೇ ಸಾಲಲ್ಲ."

ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಐತಪ್ಪನವರು ಕೊಳದ ಕಡೆಯಿಂದ "ಮಳೆ ಬಂತು ಮೇಡಂ!" ಅಂತ ಕೂಗಿದರು. ತಿರುಮಲ ಆ ಚಿಕ್ಕ ಕೊಡೆಯನ್ನೇ ಬಿಚ್ಚಿ ನನ್ನ ಕಡೆಗೆ ಹಿಡಿದರು.