ನೂರರ ಮಾತ್ರೆ

ಪಂಪ್‌ವೆಲ್, ಮಂಗಳೂರು
20 ಜನವರಿ 2025, ಸೋಮವಾರ

ಪ್ರೀತಿಯ ಮಗಳು ನಜ್ಲಾಳಿಗೆ ನಿನ್ನ ಅತ್ತೆ ಹಲೀಮಾಳ ಸಲಾಂ.

ಅಲ್ಲಿ ಉಪ್ಪಳದಲ್ಲಿ ನೀನೂ ನಿನ್ನ ತಾಯಿ ರಮ್ಲಾರೂ ಸೌಖ್ಯವೇ? ಅವರ ಮೊಣಕಾಲು ನೋವು ಹೇಗಿದೆ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನೀನು ತವರಿಗೆ ಹೋಗಿ ಹದಿನೆಂಟು ದಿನವಾಯಿತು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಎರಡು ಸಲ ನಂಬರ್ ಒತ್ತಿದೆ. ನಿನ್ನ ‘ಹಲೋ’ ಕೇಳಿದ್ದೇ ಕಟ್ ಮಾಡಿದೆ. ಬಾಯಿಗೆ ಬಾರದ್ದು ಕೈಗಾದರೂ ಬಂದೀತೆಂದು ಏಳನೇ ಕ್ಲಾಸಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪು ಕಂಡರೆ ನಗು, ಆದರೆ ಪೂರ್ತಿ ಓದು.

ಮೊದಲು ಒಳ್ಳೆಯ ಸುದ್ದಿ. ನಾನು ಹುಷಾರಾಗಿದ್ದೇನೆ, ಅದು ನಿನ್ನಿಂದ. ಸೆಪ್ಟೆಂಬರಿನಲ್ಲಿ ನಿನ್ನ ಗಂಡ ರಾಝಿಕ್ ಗಲ್ಫಿನಿಂದ ರಜೆಗೆ ಬರುವ ಮೊದಲು, “ಉಮ್ಮಾ, ನಿಮ್ಮ ಥೈರಾಯ್ಡ್ ಮಾತ್ರೆಯ ಹೆಸರು ಹೇಳಿ, ಇಲ್ಲಿಂದಲೇ ತರ್ತೇನೆ” ಎಂದಿದ್ದನಲ್ಲ, ಆಗ ನಾನು ಹೆಸರನ್ನು ಮಾತ್ರ ಓದಿ ಹೇಳಿದೆ, ಪಕ್ಕದ ಮೈಕ್ರೋಗ್ರಾಂ ಸಂಖ್ಯೆ ಓದಲಿಲ್ಲ. ಇಲ್ಲಿಯದು ಇಪ್ಪತ್ತೈದರ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು. ರಾಝಿಕ್ ತಂದದ್ದು ನೂರರದ್ದು. ಅದನ್ನೂ ಎರಡೇ ನುಂಗಿದೆ, ಮೂರು ತಿಂಗಳು! ಕಂಬಳಿಯಿಂದ ಕೊಡಲಿ ಮಾರ್ಕಿನ ತಲೆನೋವಿನ ತೈಲದವರೆಗೆ ಗಲ್ಫಿನದ್ದೆಂದರೆ ಕಣ್ಣು ಮುಚ್ಚಿ ಒಳ್ಳೆಯದೆನ್ನುವವರು ನಾವು. ಮಗ ತಂದ ಡಬ್ಬವನ್ನು ತಿರುಗಿಸಿ ಓದುವುದೆಂದರೆ ಅವನ ಪ್ರೀತಿಯನ್ನೇ ಪರೀಕ್ಷೆ ಮಾಡಿದ ಹಾಗೆ ಎಂದು ಕಂಡಿತ್ತು ನನಗೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಮೈ ತನ್ನ ಭಾಷೆಯಲ್ಲಿ ಹೇಳುತ್ತಲೇ ಇತ್ತು. ತಿನ್ನುವುದು ಹೆಚ್ಚಾಯಿತು, ತೂಕ ಇಳಿಯಿತು. ಮದುವೆಮನೆಯಲ್ಲಿ ಹೆಂಗಸರು “ಎಂತ ಡಯಟ್ ನಿಮ್ಮದು?” ಎಂದಾಗ ಉಬ್ಬಿಹೋದೆ. ಡಿಸೆಂಬರಿನಲ್ಲೂ ಫ್ಯಾನಿನಡಿ ಬೆವರು, ದಿನಕ್ಕೆ ನಾಲ್ಕು ಸಲ ಹೊಟ್ಟೆ ಸಡಿಲ, ನಿದ್ದೆ ಇಲ್ಲ, ಸುಮ್ಮನೆ ಕುಳಿತರೂ ಎದೆ ಡವಡವ. ಚಹಾ ಸುರಿಯುವಾಗ ಅರ್ಧ ಕಪ್ಪಿನಡಿಯ ಬಸಿಗೇ ಬೀಳುತ್ತಿತ್ತು. ನಾನು ಇದಕ್ಕೆಲ್ಲ ನಿನ್ನನ್ನೇ ಕಾರಣ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೂ ಸಿಟ್ಟು, ಬಾಗಿಲು ಸದ್ದಾದದ್ದಕ್ಕೂ ಸಿಟ್ಟು. ನೀನು ಒಬ್ಬಳೇ “ಉಮ್ಮಾ, ಆ ಡಬ್ಬದಲ್ಲಿ ಎಷ್ಟು ಬರ್ದುಂಟು, ಒಮ್ಮೆ ನೋಡುವ” ಎಂದೆ. ಅದೂ ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ನಾನು ಏನೆಂದೆನೋ, ಅದು ನಿನಗೂ ಗೊತ್ತು, ಆ ದಿನ ಮನೆಗೆ ಬಂದಿದ್ದ ನೆಂಟರಿಗೂ ಗೊತ್ತು.

ಅಷ್ಟೆಲ್ಲ ಕೇಳಿಸಿಕೊಂಡು ತವರಿಗೆ ಹೋದವಳು ಮರುದಿನವೇ ಪಕ್ಕದ ಮನೆಯ ದೇಯಿಯಕ್ಕನಿಗೆ ಫೋನ್ ಮಾಡಿ, ಡಬ್ಬದ ಸಮೇತ ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆಯಲ್ಲ ಮಗಳೇ, ಯಾರು ಮಾಡುತ್ತಾರೆ ಇದನ್ನು? ದೇಯಿಯಕ್ಕ “ಎಂತ ಮಾರಾಯ್ರೆ, ನಿಮ್ಮ ಕೈ ನಡುಗುವುದು ನೋಡಿ ನನಗೇ ಹೆದರಿಕೆ ಆಗ್ತದೆ” ಎನ್ನುತ್ತಾ ರಿಕ್ಷಾ ಹತ್ತಿಸಿ ಕಂಕನಾಡಿಯ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ನಾಡಿ ಹಿಡಿದರು, ಡಬ್ಬ ನೋಡಿದರು, ಮತ್ತೆ ನನ್ನ ಮುಖ ನೋಡಿದರು. “ನಾಲ್ಕು ಪಟ್ಟು ತಿಂದಿದ್ದೀರಿ. ಇನ್ನೂ ಮುಂದುವರಿಸಿದ್ದರೆ ಹೃದಯಕ್ಕೇ ಪೆಟ್ಟು ಬೀಳ್ತಿತ್ತು. ಡಬ್ಬ ನೋಡ್ಲಿಕ್ಕೆ ಹೇಳಿದ್ದು ಯಾರು?” ಎಂದು ಕೇಳಿದರು. “ನನ್ನ ಸೊಸೆ” ಎಂದೆ. ಇಸಿಜಿ ಮಾಡಿದರು, ರಕ್ತ ತೆಗೆದರು, ಕೆಲವು ದಿನ ಮಾತ್ರೆ ನಿಲ್ಲಿಸಿದರು. ಈಗ ಹಳೆಯ ಇಪ್ಪತ್ತೈದರದ್ದೇ ಎರಡು. ಆರು ವಾರ ಕಳೆದು ಮತ್ತೆ ರಕ್ತ ಪರೀಕ್ಷೆ ಉಂಟು. ನಡುಕ ಬಹಳ ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ. ರಾಝಿಕ್‌ಗೂ ಎಲ್ಲ ಹೇಳಿದ್ದೇನೆ, ತಪ್ಪು ನನ್ನದೆಂದೇ ಹೇಳಿದ್ದೇನೆ. ಪಾಪ, ಅವನು ಫೋನಿನಲ್ಲೇ ಅತ್ತ.

ನಿನ್ನ ಋಣ ತೀರಿಸುವುದು ಹೇಗೆಂದು ಗೊತ್ತಿಲ್ಲ. ಪ್ರತಿ ನಮಾಝಿನ ನಂತರ ನಿನಗಾಗಿ ದುವಾ ಮಾಡುತ್ತೇನೆ. ನೀನು ನಗುನಗುತ್ತಾ ಇರುವಂತೆ ಅಲ್ಲಾಹನು ಮಾಡಲಿ. ರಮ್ಲಾರಿಗೆ ನನ್ನ ಸಲಾಂ ತಿಳಿಸು.

ನಿನ್ನ ಉಮ್ಮಾ,
ಹಲೀಮಾ

ಮರೆಯುವ ಮೊದಲು: ನನ್ನ ತಮ್ಮನ ಮಗ ತಮೀಮ್ ಈ ಕಾಗದ ಉಪ್ಪಳಕ್ಕೆ ಒಯ್ಯಲು ಹೊರಗೆ ಬೈಕ್ ಸ್ಟಾರ್ಟ್ ಮಾಡಿಯೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಿಟ್ಟು ಕೂಡ ಮಾತ್ರೆಯಿಂದಲೇ ಬಂದದ್ದೆಂದು ಡಾಕ್ಟರಮ್ಮ ಹೇಳಿದರು. ಅದು ನಿಜವಿರಬಹುದು. ಆದರೆ “ನೀನು ಕಾಲಿಟ್ಟ ಮೇಲೆಯೇ ಈ ಮನೆಗೆ ಕಾಯಿಲೆ ಬಂತು” ಎಂದೆನಲ್ಲ, ಆ ಮಾತು ಮಾತ್ರೆಯದ್ದಲ್ಲ, ನನ್ನದು. ಅದು ನನ್ನೊಳಗೆ ಮೊದಲೇ ಇತ್ತು. ನಾಲ್ಕು ಜನರ ಎದುರು ಆಡಿದ್ದನ್ನು ನಾಲ್ಕು ಜನರ ಎದುರೇ ಹಿಂದೆ ತೆಗೆದುಕೊಳ್ಳಬೇಕು. ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ಬಸ್ಸು ಹಿಡಿದು ಬರುತ್ತೇನೆ, ಆ ದಿನದ ನೆಂಟರನ್ನೂ ಕರೆದುಕೊಂಡು. ನೀನು ನನ್ನ ಜೊತೆ ಹೊರಡಲೇಬೇಕೆಂದಿಲ್ಲ. ಬಾಗಿಲು ಮಾತ್ರ ನೀನೇ ತೆಗೆ.